ಎಲುಬಿಲ್ಲದ ನಾಲಗೆಯೂ ಮುಖದ ಎಲುಬೂ

ಮೂಡಿಗೆರೆಯ ಸೀಮೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮಕ್ಕಳಿಗೆ ಮನೆಯೇ ಪ್ರಪಂಚ. ಹೊರಗೆ ಕಾಫಿಯ ಗಿಡಗಳ ಮೇಲೆ ಒಂದೇ ಸಮನೆ ಹೊಯ್ಯುವ ಮಳೆ. ಒಳಗೆ ಒಲೆಯ ಬಿಸಿ, ಹಬೆಯಾಡುವ ಕಡುಬು. ಅಂಥದೊಂದು ಸಂಜೆ ಅಲ್ಲಿಯ ಯಾವುದಾದರೊಂದು ಮನೆಯ ಊಟದ ಹೊತ್ತನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಎಂಟು ವರ್ಷದ ಹುಡುಗನೊಬ್ಬ ಮಾತನಾಡುತ್ತಲೇ ತುತ್ತು ನುಂಗಿ ಕೆಮ್ಮತೊಡಗುತ್ತಾನೆ. ಅಜ್ಜಿ ಎದ್ದು ಬಂದು ಅವನ ನೆತ್ತಿ ತಟ್ಟುತ್ತಾಳೆ.

"ನೆತ್ತಿಗೆ ಹತ್ತಿತು ಮಗೂಗೆ. ಯಾರೋ ನೆನೆಸಿಕೊಳ್ತಾ ಇದಾರೆ."

ಬೆಂಗಳೂರಿನಿಂದ ತವರಿಗೆ ಬಂದಿರುವ ಸೋದರತ್ತೆಯ ಕಣ್ಣು ಬೇರೆಲ್ಲೋ ಇದೆ. "ನೆನೆಸಿಕೊಳ್ಳೋರು ನೆನೆಸಿಕೊಳ್ಳಲಿ ಅಮ್ಮ, ಇವನ ಮುಂದಿನ ಹಲ್ಲು ನೋಡಿದೀಯಾ? ಮೇಲಿಂದೂ ಕೆಳಗಿಂದೂ ಕೂಡೋದೇ ಇಲ್ಲ. ನುಂಗುವಾಗೆಲ್ಲ ನಾಲಗೆ ಹೊರಗೆ ಇಣುಕತ್ತೆ."

ಅಂದಿನಿಂದ ಹುಡುಗನಿಗೆ ಊಟದ ಜತೆಗೆ ಒಂದು ಗದರಿಕೆಯೂ ಗೊತ್ತಾಯಿತು: "ನಾಲಗೆ ಒಳಗಿಟ್ಟುಕೊಳ್ಳೋ!" ಹಲ್ಲು ಉಬ್ಬಿದ್ದಕ್ಕೂ, ಮುಖ ಉದ್ದವಾಗಿ ಕಾಣುವುದಕ್ಕೂ, ಬಾಯಿ ಸದಾ ತೆರೆದಿರುವುದಕ್ಕೂ ಒಬ್ಬನೇ ಅಪರಾಧಿ ಸಿಕ್ಕಂತಾಯಿತು. ಆ ಅಪರಾಧಿಯ ವಿಚಾರಣೆಯನ್ನು ಸಾವಧಾನವಾಗಿ ನಡೆಸಿದವರು ಕಡಿಮೆ.

ಕಾಫಿಯ ನಾಡಿನಲ್ಲಿ ನಾಲಗೆಯೆಂದರೆ ಮೊದಲು ನೆನಪಾಗುವುದು ರುಚಿ. ಕಾಫಿಯ ಗುಣವನ್ನು ಪರೀಕ್ಷಿಸುವ ಪರಿಣತರು ಚಮಚೆಯಲ್ಲಿ ಕಷಾಯವನ್ನೆತ್ತಿ ಸೊರ್ರೆಂದು ಸದ್ದುಮಾಡಿ ಹೀರುತ್ತಾರೆ. ಅದನ್ನು ನಾಲಗೆಯ ಮೇಲೆಲ್ಲ ಹರಡಿಕೊಂಡು, ಪರಿಮಳ ಮೂಗಿನ ಹಿಂಬದಿಯವರೆಗೆ ಏರುವಂತೆ ಬಿಟ್ಟು, ಆಮೇಲೆ ಉಗುಳಿಬಿಡುತ್ತಾರೆ, ನುಂಗುವುದಿಲ್ಲ. ಅವರು ಬಿಟ್ಟಲ್ಲಿಂದಲೇ ನಾಲಗೆಯ ದೊಡ್ಡ ಕೆಲಸ ಮೊದಲಾಗುತ್ತದೆ. ರುಚಿ ಇಲ್ಲದೆ ಮನುಷ್ಯ ಬದುಕಬಲ್ಲ. ನುಂಗದೆ ಬದುಕುವುದು ಕಷ್ಟ.

ಎಲುಬಿಲ್ಲದ ನಾಲಗೆ ಎಂದು ಹಿರಿಯರು ಆಡಿಕೊಂಡದ್ದು ಮಾತಿನ ಚಾಪಲ್ಯವನ್ನು ಕುರಿತು. ಶರೀರಶಾಸ್ತ್ರದ ದೃಷ್ಟಿಯಿಂದಲೂ ಅದು ಅಕ್ಷರಶಃ ನಿಜ. ಮೂಡಿಗೆರೆಯ ತೋಟಗಳಿಗೆ ಇಳಿದು ಬರುವ ಕಾಡಾನೆಯ ಸೊಂಡಿಲಿಗೂ ಹುಡುಗನ ನಾಲಗೆಗೂ ರಚನೆಯಲ್ಲಿ ಹತ್ತಿರದ ನಂಟು. ಎರಡರಲ್ಲಿಯೂ ಮೂಳೆಯಿಲ್ಲ, ಕೀಲಿಲ್ಲ. ಇರುವುದೆಲ್ಲ ಬಹುಮಟ್ಟಿಗೆ ಸ್ನಾಯು. ನೀರು ತುಂಬಿದ ಚೀಲವನ್ನು ಒಂದು ಕಡೆ ಹಿಸುಕಿದರೆ ಇನ್ನೊಂದು ಕಡೆ ಉಬ್ಬುವಂತೆ, ಸ್ನಾಯುವಿನ ಒಂದು ಪದರ ಬಿಗಿದರೆ ಅಂಗವು ಉದ್ದವಾಗುತ್ತದೆ, ಇನ್ನೊಂದು ಬಿಗಿದರೆ ಬಾಗುತ್ತದೆ. ಸೊಂಡಿಲು, ನಾಲಗೆ, ಅಷ್ಟಪದಿಯ ತೋಳು ಮೂರೂ ಒಂದೇ ಸೂತ್ರದಿಂದ ನಡೆಯುತ್ತವೆಂಬುದನ್ನು 1985ರಲ್ಲಿ ವಿಲಿಯಂ ಕೀಯರ್ ಮತ್ತು ಕ್ಯಾಥ್ಲೀನ್ ಸ್ಮಿತ್ ಎಂಬ ಪ್ರಾಣಿವಿಜ್ಞಾನಿಗಳು ವಿವರಿಸಿದರು.

ನಾಲಗೆಯಲ್ಲಿ ಎಂಟು ಜತೆ ಸ್ನಾಯುಗಳಿವೆ. ನಾಲ್ಕು ಜತೆ ಅದರ ಒಳಗೇ ಇದ್ದು ಆಕಾರವನ್ನು ಬದಲಿಸುತ್ತವೆ. ಉಳಿದ ನಾಲ್ಕು ಅದನ್ನು ಹೊರಗಿನ ಗೂಟಗಳಿಗೆ ಕಟ್ಟಿವೆ: ಗಲ್ಲದ ಒಳಬದಿಗೆ, ಗಂಟಲಿನ ಮೇಲ್ಭಾಗದ ಲಾಳದಂಥ ಪುಟ್ಟ ಮೂಳೆಗೆ, ಕಿವಿಯ ಕೆಳಗೆ ತಲೆಬುರುಡೆಯಿಂದ ಇಳಿದಿರುವ ಸೂಜಿಯಂಥ ಮೂಳೆಗೆ, ಮೃದುವಾದ ಅಂಗುಳಿನ ಹಿಂಭಾಗಕ್ಕೆ. ದವಡೆ, ಗಂಟಲು, ತಲೆಬುರುಡೆ, ಅಂಗುಳು—ನಾಲಗೆ ಇವೆಲ್ಲದರ ನಡುವೆ ಕಟ್ಟಿದ ತೊಟ್ಟಿಲು. ಇವುಗಳಲ್ಲಿ ಯಾವುದೊಂದು ಜಾಗ ಬದಲಿಸಿದರೂ ತೊಟ್ಟಿಲು ಅಲುಗದೆ ಇರದು.

ಒಂದು ತುತ್ತಿನ ಪಯಣ

ಓದುಗರು ಈಗಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ತುಟಿ ಮುಚ್ಚಿ ಒಮ್ಮೆ ಎಂಜಲು ನುಂಗಿ. ನಾಲಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದಣ ದಿಂಡಿಗೆ ಒತ್ತಿಕೊಂಡಿತು. ಆ ಒತ್ತು ಅಲೆಯಂತೆ ಹಿಂದಕ್ಕೆ ಸರಿಯಿತು. ಈಗ ಬಾಯಿ ತೆರೆದುಕೊಂಡೇ ನುಂಗಲು ಯತ್ನಿಸಿ. ಎಷ್ಟು ತೊಡಕು! ಬಾಯಿ ಎಲ್ಲಾದರೂ ಒಂದೆಡೆ ಬಿಗಿಯಾಗಿ ಮುಚ್ಚಿದ ಹೊರತು ತುತ್ತನ್ನು ಹಿಂದಕ್ಕೆ ತಳ್ಳುವುದು ಸುಲಭವಲ್ಲ.

ಅಷ್ಟರವರೆಗೆ ನಮ್ಮ ಇಚ್ಛೆ. ತುತ್ತು ಗಂಟಲಿನ ಬಾಗಿಲು ದಾಟಿದ ಕ್ಷಣದಿಂದ ಕೆಲಸವೆಲ್ಲ ಮಿದುಳಿನ ಬುಡದ ಅಧೀನ. ಸುಮಾರು ಒಂದು ಸೆಕೆಂಡಿನೊಳಗೆ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ನಾಲಗೆಯ ಬುಡದ ಮರೆ ಸೇರುತ್ತದೆ. ಉಸಿರು ಕ್ಷಣಕಾಲ ನಿಲ್ಲುತ್ತದೆ. ಅನ್ನನಾಳದ ಬಾಯಿ ತೆರೆದುಕೊಳ್ಳುತ್ತದೆ. ಇವುಗಳ ತಾಳ ತಪ್ಪಿದರೆ ತುತ್ತಿಗೆ ಎರಡು ತಪ್ಪು ದಾರಿಗಳುಂಟು. ಒಂದು ಮೇಲೆ, ಮೂಗಿನ ಕಡೆಗೆ. ಇನ್ನೊಂದು ಕೆಳಗೆ, ಶ್ವಾಸನಾಳಕ್ಕೆ. "ನೆತ್ತಿಗೆ ಹತ್ತಿತು" ಎಂಬ ನುಡಿಯನ್ನು ಕಟ್ಟಿದವರು ಮೊದಲನೆಯ ದಾರಿಯ ಉರಿಯನ್ನು ಚೆನ್ನಾಗಿ ಬಲ್ಲವರಿರಬೇಕು. ನೆತ್ತಿ ತಟ್ಟುವುದು ಮಮತೆಯೇ ಹೊರತು ಚಿಕಿತ್ಸೆಯಲ್ಲ. ಮಗುವಿನ ಕೆಮ್ಮೇ ಚಿಕಿತ್ಸೆ. ಕೆಮ್ಮಲೂ ಆಗದೆ, ಅಳಲೂ ಆಗದೆ ಉಸಿರು ಕಟ್ಟಿತೆಂದರೆ ಮಾತ್ರ ನೆತ್ತಿಯನ್ನು ಬಿಟ್ಟು, ಮಗುವನ್ನು ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಬಲವಾಗಿ ಹೊಡೆಯಬೇಕು.

ಹುಟ್ಟುವ ಮುನ್ನವೇ

ನಾಲಗೆಗೂ ಮುಖಕ್ಕೂ ಇರುವ ಸಂಬಂಧ ಹಲ್ಲು ಹುಟ್ಟಿದ ಮೇಲಿನದಲ್ಲ. ಗರ್ಭದಲ್ಲಿ ಏಳೆಂಟು ವಾರಗಳ ಶಿಶುವಿನ ಬಾಯಿ, ಮೂಗು ಇನ್ನೂ ಒಂದೇ ಗುಹೆ. ಅಂಗುಳಾಗಬೇಕಾದ ಎರಡು ಹಲಗೆಗಳು ಎಡಬಲದಲ್ಲಿ ಕೆಳಮುಖವಾಗಿ ಜೋತುಬಿದ್ದಿರುತ್ತವೆ. ಅವುಗಳ ನಡುವೆ ನಾಲಗೆ ಎದ್ದು ನಿಂತಿರುತ್ತದೆ. ಕೆಳದವಡೆ ಮುಂದಕ್ಕೆ ಬೆಳೆದಂತೆ ನಾಲಗೆಗೆ ಕೆಳಗಿಳಿಯಲು ಎಡೆ ದೊರೆಯುತ್ತದೆ. ಅದು ಇಳಿದೊಡನೆ ಎರಡು ಹಲಗೆಗಳೂ ಅಡ್ಡಲಾಗಿ ಏಳುತ್ತವೆ. ಮುಂದಿನ ವಾರಗಳಲ್ಲಿ ಒಂದನ್ನೊಂದು ಕೂಡಿ ಬೆಸೆಯುತ್ತವೆ. ಹೀಗೆ ಬಾಯಿಗೆ ಸೂರೂ ಮೂಗಿಗೆ ನೆಲವೂ ಆಗುತ್ತದೆ.

ದವಡೆ ಬೆಳೆಯುವುದು ತಡವಾಗಿ ನಾಲಗೆ ಇಳಿಯದೆ ಹೋದರೆ? ಹಲಗೆಗಳು ಕೂಡುವ ಹೊತ್ತು ಮೀರುತ್ತದೆ; ಅಂಗುಳು ಸೀಳಿಯೇ ಉಳಿಯುತ್ತದೆ. ಹುಟ್ಟಿದ ಶಿಶುವಿಗೆ ಗಲ್ಲ ಕಿರಿದು. ನಾಲಗೆ ಹಿಂದಕ್ಕೆ ಜಾರಿ ಉಸಿರಿಗೇ ಅಡ್ಡವಾಗುತ್ತದೆ. 1923ರಲ್ಲಿ ಇಂಥ ಶಿಶುಗಳ ಉಸಿರಿನ ಕಷ್ಟವನ್ನು ವರ್ಣಿಸಿದ ಫ್ರೆಂಚ್ ವೈದ್ಯ ಪಿಯೆರ್ ರೋಬಿನ್ನನ ಹೆಸರಿನಿಂದಲೇ ಈ ತೊಡಕನ್ನು ಇಂದಿಗೂ ಕರೆಯುತ್ತಾರೆ. ಸೀಳುತುಟಿ, ಸೀಳಂಗುಳಗಳೆಲ್ಲ ಹೀಗೆಯೇ ಆಗುತ್ತವೆಂದಲ್ಲ. ವಂಶದ ಪ್ರಭಾವವೇ ಮೊದಲಾಗಿ ಬೇರೆ ಕಾರಣಗಳು ಹಲವು. ಆದರೆ ಗ್ರಹಣದ ದಿನ ಬಸುರಿ ಈಳಿಗೆಮಣೆಯ ಮುಂದೆ ಕೂತದ್ದು ಆ ಕಾರಣಗಳಲ್ಲಿ ಒಂದಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ತಪ್ಪಿಲ್ಲ. ಆ ಒಂದು ಆರೋಪದ ಭಾರದಲ್ಲಿ ಕಣ್ಣೀರಿಟ್ಟ ತಾಯಂದಿರು ಎಷ್ಟೋ.

ಅಂಗುಳು ಸೀಳಿದ ಕೂಸು ಮೊಲೆಯನ್ನು ಬಾಯಿಗಿಟ್ಟರೂ ಹೀರಲಾರದು. ಹೀರಲು ಬಾಯೊಳಗೆ ಗಾಳಿ ಸೋರದ ಮುಚ್ಚಿಗೆ ಬೇಕು, ಇಲ್ಲಿ ಸೂರೇ ಬಿರಿದಿದೆ. ಹಾಲು ಮೂಗಿನಿಂದ ಬರುತ್ತದೆ. ಅಂಥ ಕೂಸಿಗೆ ಹಿಂಡಿದ ಎದೆಹಾಲನ್ನು ತುಸು ತುಸುವಾಗಿ, ತಲೆ ಎತ್ತರಿಸಿ ಹಿಡಿದು ಕುಡಿಸಬೇಕಾಗುತ್ತದೆ. ನಮ್ಮ ಹಳೆಯ ಮನೆಗಳ ಗೂಡಿನಲ್ಲಿದ್ದ ಒಳಲೆ ಈ ಕೆಲಸಕ್ಕೆ ಒದಗಬಲ್ಲ ಸಾಧನ. ಆದರೆ ಹಿಡಿಯುವ ಬಗೆಯನ್ನು ಬಲ್ಲವರಿಂದ ಕಲಿಯಬೇಕು. ಸೀಳನ್ನು ಹೊಲಿಯುವ ಶಸ್ತ್ರಚಿಕಿತ್ಸೆ ಇಂದು ನಮ್ಮ ರಾಜ್ಯದಲ್ಲಿಯೇ ಹಲವೆಡೆ ದೊರೆಯುತ್ತದೆ. ಇಂಥ ಜನ್ಮದೋಷಗಳನ್ನು ಬೇಗ ಗುರುತಿಸುವುದಕ್ಕೆಂದೇ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಅದರ ತಂಡಗಳು ಅಂಗನವಾಡಿಗೂ ಸರಕಾರಿ ಶಾಲೆಗೂ ಬಂದು ಮಕ್ಕಳನ್ನು ನೋಡುತ್ತವೆ.

ನುಂಗುವ ಅಭ್ಯಾಸವಾದರೂ ಗರ್ಭದಿಂದಲೇ ಬಂದದ್ದು. ಶಿಶು ತನ್ನ ಸುತ್ತಲ ನೀರನ್ನು ನುಂಗುತ್ತ ಬೆಳೆಯುತ್ತದೆ; ತಿಂಗಳು ತುಂಬುವ ವೇಳೆಗೆ ದಿನಕ್ಕೆ ಅರ್ಧ ಲೀಟರಿನಷ್ಟಾದರೂ ನುಂಗುತ್ತದೆ. ಹುಟ್ಟಿದ ಮೇಲೆ ಮೊಲೆಯುಣ್ಣುವಾಗ ಅದರ ನಾಲಗೆ ಮುಂದಕ್ಕೆ ಚಾಚಿ, ದೋಣಿಯಂತೆ ಮಡಿಸಿ, ಎರಡು ವಸಡುಗಳ ನಡುವೆಯೇ ನಿಲ್ಲುತ್ತದೆ. ಕೂಸಿಗೆ ಅದೇ ಸರಿ. ಹಲ್ಲು ಬಂದಂತೆ, ಅನ್ನ ಅಗಿದಂತೆ, ನಾಲಗೆ ಹಿಂದೆ ಸರಿದು ಮೇಲಕ್ಕೇರುವುದನ್ನು ಕಲಿಯುತ್ತದೆ. ಈ ಕಲಿಕೆ ಒಂದು ದಿನದ್ದಲ್ಲ. ಕೆಲವರಿಗೆ ಎರಡು ಮೂರು ವರ್ಷಕ್ಕೆ, ಕೆಲವರಿಗೆ ಆರು ವರ್ಷಕ್ಕೆ. ಹಾಲುಹಲ್ಲು ಬಿದ್ದು ಕಿಂಡಿಯಾದಾಗ ನಾಲಗೆ ಮತ್ತೆ ಇಣುಕುವುದೂ ಸಹಜವೇ. ಕಿಂಡಿ ಕಂಡಲ್ಲಿ ಇಣುಕದೆ ಇರುವ ಮಕ್ಕಳುಂಟೆ?

ಆರೋಪ ಮತ್ತು ಲೆಕ್ಕ

ಇನ್ನು ಅತ್ತೆಯ ಆರೋಪಕ್ಕೆ ಬರೋಣ. ಅದು ಅವಳೊಬ್ಬಳದಲ್ಲ. 1960ರ ಸುಮಾರಿಗೆ ಅಮೆರಿಕದ ವಾಲ್ಟರ್ ಸ್ಟ್ರಾಬ್ ಎಂಬ ದಂತತಜ್ಞ ನಾಲಗೆಯ ಮುನ್ನುಗ್ಗುವಿಕೆಯ ಮೇಲೆ ಲೇಖನಗಳ ಸರಣಿಯನ್ನೇ ಬರೆದ. ಬಾಟಲಿಯ ಹಾಲೇ ಇದರ ಮೂಲವೆಂದ. ನುಂಗುವಾಗಲೆಲ್ಲ ನಾಲಗೆ ಹಲ್ಲನ್ನು ಮುಂದಕ್ಕೆ ನೂಕುತ್ತದೆ, ದಿನಕ್ಕೆ ಸಾವಿರಾರು ಸಲ ನೂಕಿದರೆ ಹಲ್ಲು ಹೊರಬೀಳದೆ ಏನಾದೀತು ಎಂಬುದು ಆಗಿನ ತರ್ಕ. ನಾಲಗೆಯನ್ನು ತಡೆಯಲು ಮಕ್ಕಳ ಬಾಯಿಗೆ ತಂತಿಯ ಬೇಲಿಗಳನ್ನು ಕಟ್ಟಿದರು. ಬೇಲಿಗೆ ಮುಳ್ಳುಗಳನ್ನೂ ಇಟ್ಟರು. ತೋಟದ ಬೇಲಿಯನ್ನು ಆನೆ ಲೆಕ್ಕಿಸದಂತೆ ಎಷ್ಟೋ ನಾಲಗೆಗಳು ಇದನ್ನೂ ಲೆಕ್ಕಿಸಲಿಲ್ಲ.

ತರ್ಕ ಚೆನ್ನಾಗಿಯೇ ಇತ್ತು, ಲೆಕ್ಕ ಮಾಡಿರಲಿಲ್ಲ. 1965ರಲ್ಲಿ ಕೆಲವು ಸಂಶೋಧಕರು ತರುಣರ ನುಂಗುಗಳನ್ನು ನಿಜವಾಗಿಯೇ ಎಣಿಸಿದರು. ದಿನವೊಂದಕ್ಕೆ ಸರಾಸರಿ ಸುಮಾರು 600 ಬಂತು, ಹೆಚ್ಚೆಂದರೆ ಸಾವಿರ. ನಿದ್ದೆಯಲ್ಲಿ ಗಂಟೆಗೆ ಕೆಲವೇ ಸಲ. ಒಂದೊಂದು ನುಂಗಿನ ಒತ್ತು ಒಂದು ಸೆಕೆಂಡಿನಷ್ಟು. ಸಾವಿರವೆಂದೇ ಹಿಡಿದರೂ ಇಡೀ ದಿನಕ್ಕೆ ಕೂಡಿ ಹದಿನೇಳು ನಿಮಿಷ ತುಂಬುವುದಿಲ್ಲ. ಹಲ್ಲಾದರೋ ಕ್ಷಣಿಕ ಒತ್ತಡಕ್ಕೆ ಜಗ್ಗುವಂಥದಲ್ಲ. ಚಕ್ಕುಲಿ ಕಡಿಯುವಾಗ ಅದರ ಮೇಲೆ ಬೀಳುವ ಭಾರ ಇದರ ಹಲವು ಪಟ್ಟು. ಆದರೂ ಅದು ಅಲುಗದು. ಅದನ್ನು ಸರಿಸಬೇಕಾದರೆ ಹಗುರವಾದರೂ ಸರಿ, ದಿನಕ್ಕೆ ಆರು ಗಂಟೆಗಳಷ್ಟಾದರೂ ಎಡೆಬಿಡದ ಒತ್ತು ಬೇಕು. ಉತ್ತರ ಕೆರೊಲಿನದ ವಿಲಿಯಂ ಪ್ರಾಫಿಟ್ 1978ರಲ್ಲಿ ಈ ವಾದವನ್ನು ಹೀಗೆ ಬಿಡಿಸಿಟ್ಟ ಮೇಲೆ ನುಂಗುವ ನಾಲಗೆಯ ಮೇಲಿನ ಮೊಕದ್ದಮೆ ಬಹಳ ಮಟ್ಟಿಗೆ ಬಿದ್ದುಹೋಯಿತು. ಹಲ್ಲುಗಳ ನಡುವೆ ಕಿಂಡಿಯಿದ್ದರೆ ನುಂಗುವಾಗ ಅದನ್ನು ಮುಚ್ಚಲೇಬೇಕು. ಮುಚ್ಚಲು ನಾಲಗೆ ಅಲ್ಲಿಗೆ ಹೋಗುತ್ತದೆ. ಬಹುಪಾಲು ಮಕ್ಕಳಲ್ಲಿ ನಾಲಗೆ ಕಿಂಡಿಯನ್ನು ಕೊರೆದ ಕಳ್ಳನಲ್ಲ, ಕಿಂಡಿಗೆ ಬೆನ್ನುಕೊಟ್ಟು ನಿಂತ ಕಾವಲುಗಾರ.

ಹಾಗಾದರೆ ನಾಲಗೆ ಪೂರ್ಣ ನಿರಪರಾಧಿಯೇ? ಅದೂ ಅಲ್ಲ. ಕೆಲಸ ಮಾಡುವಾಗ ಅದು ಏನು ಮಾಡುತ್ತದೆಂಬುದಕ್ಕಿಂತ ಸುಮ್ಮನಿರುವಾಗ ಎಲ್ಲಿರುತ್ತದೆಂಬುದು ಮುಖ್ಯ. ದಿನದ ಬಹುಭಾಗ ನಾವು ಉಣ್ಣುವುದೂ ಇಲ್ಲ, ಮಾತನಾಡುವುದೂ ಇಲ್ಲ. ಆ ದೀರ್ಘಕಾಲದಲ್ಲಿ ನಾಲಗೆ ಒಳಗಿನಿಂದ, ತುಟಿ ಕೆನ್ನೆಗಳು ಹೊರಗಿನಿಂದ ಹಲ್ಲಿನ ಸಾಲನ್ನು ಮೆಲ್ಲಗೆ ಒತ್ತುತ್ತಿರುತ್ತವೆ. ನಮ್ಮ ಅಕ್ಷರಮಾಲೆ ನಾಲಗೆ ತಾಗುವ ಎಡೆಯನ್ನು ಹಿಡಿದೇ ವರ್ಗಗಳಾಗಿ ಹೊಂದಿಕೊಂಡಿದೆ: ಕಂಠ, ತಾಲು, ಮೂರ್ಧ, ದಂತ. ಮಗುವಿಗೆ 'ನ' ಎನ್ನಲು ಹೇಳಿ, ನಾಲಗೆಯ ತುದಿಯನ್ನು ಅಲ್ಲಿಯೇ ನಿಲ್ಲಿಸಲು ಹೇಳಿದರೆ, ಆರೋಗ್ಯವಂತನ ನಾಲಗೆ ವಿಶ್ರಮಿಸುವ ಜಾಗ ಹೆಚ್ಚುಕಡಿಮೆ ಸಿಕ್ಕಿತು. ತುಟಿ ಮುಚ್ಚಿ, ಮೂಗಿನಲ್ಲಿ ಉಸಿರಾಡುವವನಿಗೆ ಅದು ಪ್ರಯಾಸವಿಲ್ಲದ ಸ್ಥಾನ.

ಮೂಗು ಕಟ್ಟಿದವನಿಗೆ? ಉಸಿರು ಬಾಯಿಂದಲೇ ಬರಬೇಕು. ಬಾಯಿ ತೆರೆಯಲು ದವಡೆ ಇಳಿಯುತ್ತದೆ. ಗಾಳಿಗೆ ದಾರಿಬಿಡಲು ನಾಲಗೆ ಅಂಗುಳನ್ನು ಬಿಟ್ಟು ಕೆಳಗೆ ಬೀಳುತ್ತದೆ. ಮೇಲಿನ ಹಲ್ಲಿನ ಸಾಲಿಗೆ ಒಳಗಿನ ಆಸರೆ ಹೋಯಿತು. ಹೊರಗಿನ ಕೆನ್ನೆಯ ಒತ್ತು ಮಾತ್ರ ಉಳಿಯಿತು. ಇದು ಒಂದು ನೆಗಡಿಯ ಮಾತಲ್ಲ. ವರ್ಷಗಟ್ಟಲೆ, ಅದೂ ಮುಖದ ಮೂಳೆಗಳು ಬೆಳೆಯುವ ವಯಸ್ಸಿನಲ್ಲಿ ಹೀಗಾದರೆ ಮೇಲ್ದವಡೆ ಕಿರಿದಾಗಿ, ಅಂಗುಳು ಕಮಾನಿನಂತೆ ಎತ್ತರವಾಗಿ, ಮುಖ ಉದ್ದವಾಗುವ ಸಂಭವವುಂಟು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಗಿಲ್ ಹಾರ್ವೋಲ್ಡ್ ಮತ್ತು ಸಂಗಡಿಗರು ಎಳೆಯ ಕೋತಿಗಳ ಮೂಗಿಗೆ ಬಿರಡೆಯಿಟ್ಟು ವರ್ಷಗಳ ಕಾಲ ನೋಡಿದರು. 1981ರಲ್ಲಿ ಪ್ರಕಟವಾದ ಅವರ ವರದಿ ಓದಲು ಹಿತವಾದದ್ದಲ್ಲ. ಕೋತಿಗಳ ಮುಖ ಬದಲಾಯಿತು. ಆದರೆ ಎಲ್ಲ ಕೋತಿಗಳ ಮುಖವೂ ಒಂದೇ ರೀತಿ ಬದಲಾಗಲಿಲ್ಲ. ಉಸಿರಿಗಾಗಿ ಒಂದೊಂದು ತನ್ನ ನಾಲಗೆಯನ್ನು, ದವಡೆಯನ್ನು ಒಂದೊಂದು ಬಗೆಯಲ್ಲಿ ಹಿಡಿದಿತ್ತು, ಮೂಳೆ ಅದನ್ನು ಅನುಸರಿಸಿತ್ತು. ಸ್ವೀಡನ್ನಿನ ಲಿಂಡರ್-ಆರನ್ಸನ್ 1970ರಲ್ಲಿ ಮೂಗಿನ ಹಿಂದೆ ಅಡಿನಾಯ್ಡ್ ಬೆಳೆದ ಮಕ್ಕಳ ಮುಖಗಳನ್ನು ಅಳೆದು, ಅವರಲ್ಲಿ ಹಲ್ಲಿನ ಸಾಲು ಕಿರಿದಾಗಿರುವುದನ್ನು ತೋರಿಸಿದ. ಅಡಿನಾಯ್ಡ್ ತೆಗೆದು ಮೂಗಿನ ಉಸಿರು ಮರಳಿದವರಲ್ಲಿ ತಕ್ಕಮಟ್ಟಿನ ಸುಧಾರಣೆಯನ್ನೂ ಮುಂದೆ ಕಂಡ. ಹಾಗೆಂದು ಉದ್ದ ಮುಖದವರೆಲ್ಲರ ಮೂಗೂ ಕಟ್ಟಿದೆಯೆಂದು ತಿಳಿಯುವುದು ಬೇಡ. ತಂದೆಯ ಗಲ್ಲ ಮಗನಿಗೆ ಬರುವುದು ವಂಶದ ದಾರಿಯಿಂದಲೇ.

ಮಲೆನಾಡಿನ ಮಳೆಗಾಲದ ಮನೆಗಳನ್ನು ಬಲ್ಲವರಿಗೆ ಇದರ ಮರ್ಮ ಹೊಳೆದೀತು. ಒಣಗದ ಕಂಬಳಿ, ಬೂಷ್ಟು ಹಿಡಿದ ಗೋಡೆ, ಒಲೆಯ ಹೊಗೆ, ತಿಂಗಳುಗಟ್ಟಲೆ ಸುರಿಯುವ ಮೂಗು. "ಮಳೆಗಾಲದ ನೆಗಡಿ, ಹೋಗುತ್ತೆ ಬಿಡು" ಎಂದು ಬಿಟ್ಟದ್ದು ಎಷ್ಟೋ ವೇಳೆ ಒಗ್ಗದಿಕೆಯ ಮೂಗುಕಟ್ಟು. ಇಲ್ಲವೇ ಊದಿದ ಅಡಿನಾಯ್ಡ್. ನಿದ್ದೆಯಲ್ಲಿ ಮಗು ಗೊರಕೆ ಹೊಡೆಯುವುದೇ, ಬಾಯಿ ತೆರೆದೇ ಇರುವುದೇ, ನಡುನಡುವೆ ಉಸಿರು ತಡೆದಂತೆ ಚಡಪಡಿಸುವುದೇ, ಹಗಲು ಶಾಲೆಯಲ್ಲಿ ತೂಕಡಿಸುವುದೇ ಎಂದು ನೋಡಬೇಕಾದವರು ಮನೆಯವರು. ಕಂಡರೆ ಮೊದಲು ಹೋಗಬೇಕಾದದ್ದು ಕಿವಿ ಮೂಗು ಗಂಟಲಿನ ವೈದ್ಯರಲ್ಲಿಗೆ. ಹೆಬ್ಬೆಟ್ಟು ಚೀಪುವ ಚಾಳಿಯಿದ್ದರೆ ಅದೂ ಕಿಂಡಿಗೆ ದೊಡ್ಡ ಕಾರಣ. ಬೆರಳು ಗಂಟೆಗಟ್ಟಲೆ ಬಾಯಲ್ಲಿರುತ್ತದೆ, ನುಂಗಿನಂತೆ ಒಂದು ಸೆಕೆಂಡಲ್ಲ. ಶಾಶ್ವತದ ಮುಂಹಲ್ಲು ಬರುವ ಮುನ್ನ ಚಾಳಿ ಬಿಟ್ಟರೆ ಕಿಂಡಿ ಬಹುಮಟ್ಟಿಗೆ ತಾನಾಗಿ ಮುಚ್ಚುತ್ತದೆ. ಅಂಗುಳಿನ ನಡುವಣ ಬೆಸುಗೆ ಎಳವೆಯಲ್ಲಿ ಇನ್ನೂ ಬಿಗಿದಿರುವುದಿಲ್ಲವಾದ್ದರಿಂದ, ಕಿರಿದಾದ ಮೇಲ್ದವಡೆಯನ್ನು ಅಗಲಿಸುವ ಸಾಧನ ಆಗ ಚೆನ್ನಾಗಿ ಫಲಿಸುತ್ತದೆ. ಏಳು ವರ್ಷದ ಸುಮಾರಿಗೆ ಒಮ್ಮೆ ದಂತತಜ್ಞರಿಗೆ ತೋರಿಸಬೇಕೆನ್ನುವುದು ಇದಕ್ಕೇ.

ನಾಲಗೆಗೆ ವ್ಯಾಯಾಮ ಬೇಡವೇ ಎಂದು ಕೇಳಬಹುದು. ಮೂಗು ತೆರೆದ ಮೇಲೆ, ಬೆರಳು ಬಿಟ್ಟ ಮೇಲೆ, ನಾಲಗೆ ಹಳೆಯ ರೂಢಿಯಲ್ಲಿಯೇ ಉಳಿದಿದ್ದರೆ ವಾಕ್‌ತಜ್ಞರು ಹೇಳಿಕೊಡುವ ಅಭ್ಯಾಸದಿಂದ ಪ್ರಯೋಜನವುಂಟು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತಿನ ದೋಷಗಳಂತೆಯೇ ನುಂಗುವ ತೊಡಕುಗಳಿಗೂ ಚಿಕಿತ್ಸೆಯುಂಟು. ಪಾರ್ಶ್ವವಾಯುವಾಗಿ, ನಾಲಗೆ ಸೋತು, ನೀರು ಕುಡಿದರೆ ಕೆಮ್ಮುವ ಹಿರಿಯರಿಗೂ ಅಲ್ಲಿ ನೆರವು ದೊರೆಯುತ್ತದೆ. ಮೂಡಿಗೆರೆಯಿಂದ ಬೇಲೂರು, ಹಾಸನ ದಾಟಿ ಹೋಗಬೇಕಾದ ದೂರದ ದಾರಿಯೇನೋ ನಿಜ. ಆದರೆ ಇಂಗ್ಲೆಂಡಿನ ಜಾನ್ ಮ್ಯೂ ಎಂಬ ದಂತವೈದ್ಯನ ಹೆಸರಿನಿಂದ 'ಮ್ಯೂಯಿಂಗ್' ಎಂದು ಮೊಬೈಲಿನಲ್ಲಿ ಹಬ್ಬಿರುವ ವಿದ್ಯೆಯೇ ಬೇರೆ. ನಾಲಗೆಯನ್ನು ಅಂಗುಳಿಗೆ ಒತ್ತಿ ಹಿಡಿದರೆ ಗಲ್ಲ ಚೂಪಾಗಿ ಚಿತ್ರನಟನ ಮುಖ ಬರುತ್ತದೆಂದು ಕಾಲೇಜಿನ ಹುಡುಗರು ನಂಬಿದ್ದಾರೆ. ಬೆಳೆದು ನಿಂತ ಮೂಳೆ ಹಾಗೆ ಮಣಿಯುತ್ತದೆಂಬುದಕ್ಕೆ ಪ್ರಮಾಣವಿಲ್ಲ.

ಇತ್ತ ಮೂಡಿಗೆರೆಯ ಆ ಮನೆಯಲ್ಲಿ ರಾತ್ರಿಯಾಗಿದೆ. ಮಳೆಯ ಸದ್ದು ತುಸು ತಗ್ಗಿದಾಗ ಇನ್ನೊಂದು ಸದ್ದು ಕೇಳಿಸುತ್ತದೆ. ಅಜ್ಜಿ ದೀಪ ಹಾಕಿ ನೋಡಿದರೆ, ಹುಡುಗ ಅಂಗಾತ ಮಲಗಿ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಾನೆ. ಸೊಸೆಯೂ ಎದ್ದು ಬಂದಳು.

"ಮಗೂಗೆ ಮೂಗು ಕಟ್ಟಿದೆ ಕಣೇ. ಎಷ್ಟು ದಿನದಿಂದ ಹೀಗೆ?"

"ಹೋದ ಮಳೆಗಾಲದಿಂದಲೂ ಹೀಗೇ, ಅತ್ತೆ."